ಕುಂದ್ರಿಸುವ ಟೆಕ್ನಿಕ್

“ರಾಜಾ, ನಾ ಸತ್ತ ಮ್ಯಾಲ ನನ್ನ ಕುಂದ್ರಸ್ತೀಯೋ, ಮಲಗಸ್ತೀಯೋ?” ಎಂದು ಅಪ್ಪ ಕೇಳಿದಾಗ ರಾಜಶೇಖರನ ಒಂದು ಕೈ ಕೋಟಿನ ತೋಳಿನೊಳಗಿತ್ತು, ಇನ್ನೊಂದರಲ್ಲಿ ಟೋಸ್ಟು ಇತ್ತು. “ಕುಂದ್ರಸ್ತೀನಿ ಬಿಡ್ರಿ” ಅಂದುಬಿಟ್ಟ. ಬರುವಾಗ ಹಾಲು ತಾ ಅಂದವರಿಗೆ ಹೂಂ ಅನ್ನುವ ದನಿಯಲ್ಲಿ ಅಂದದ್ದು. ಅಂದ ಮೇಲೆ ತಾನು ಯಾವುದಕ್ಕೆ ಹೂಂ ಅಂದೆ ಎಂದು ಹೊಳೆದು ಟೋಸ್ಟನ್ನು ತಟ್ಟೆಗೆ ಹಾಕಿದ. ಅಪ್ಪ ನಾಗಲಿಂಗಪ್ಪ ಆಗಷ್ಟೇ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ, ಊಟದ ಮೇಜಿನ ಕುರ್ಚಿಯಲ್ಲಿ ಕಾಲು ಮುಂದಕ್ಕೆ ಚಾಚಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಗದಗಿನ ಹತ್ತಿರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಹೆಂಡತಿ ಶೈಲಮ್ಮ ತೀರಿಕೊಂಡ ಮೇಲೆ ಮಗನ ಜೊತೆ ಇರಲು ಅಮೆರಿಕಾಕ್ಕೆ, ಜೆರಿಕೋದ ಈ ಮನೆಗೆ ಬಂದವರು. “ಹೆಂಗ ಕುಂದ್ರಸ್ತಿ?” ಎಂದು ಅವನ ಕೋಟಿನ ತೋಳು ಮುಟ್ಟಿ, ಪಾಠ ಒಪ್ಪಿಸಲು ನಿಂತ ಹುಡುಗನನ್ನು ಕೇಳುವ ಹಾಗೆ ಕೇಳಿದರು. “ಮೊಣಕಾಲು ನಿಮ್ಮ ಅಮೆರಿಕಾದವು. ಇವು ಮಡಚಂಗಿಲ್ಲಲ್ಲಪಾ.” ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು, ದೂರಿಗಾದರೆ ಏನಾದರೂ ಉತ್ತರ ಹೇಳಬಹುದು. “ಸಂಜೀಕೆ ಮಾತಾಡೂಣು ಅಪ್ಪಾ, ರೈಲು ತಪ್ಪತೈತಿ” ಎಂದು ಅವನು ಕಾರಿನ ಕೀಲಿ ಹುಡುಕುತ್ತ ಹೊರಬಿದ್ದ. ಕೀಲಿ ಜೇಬಿನಲ್ಲೇ ಇತ್ತು.

ಹಿಕ್ಸ್‌ವಿಲ್‌ನಲ್ಲಿ ಹತ್ತಿದ ರೈಲಿನಲ್ಲಿ ಎಲ್ಲರೂ ಕೂತಿದ್ದರು. ಇದು ದಿನವೂ ಇರುವುದೇ. ಮ್ಯಾನ್‌ಹಟನ್ನಿಗೆ ಹೋಗುವ ಮೊದಮೊದಲ ರೈಲುಗಳಲ್ಲಿ ಜನ ಕೂತಲ್ಲೇ ಕಣ್ಣು ಮುಚ್ಚಿ, ಕೈಗಳನ್ನು ತೊಡೆಯ ಮೇಲೆ ಬಿಟ್ಟು, ಗದ್ದವನ್ನು ಎದೆಗೆ ಇಳಿಬಿಟ್ಟು ನಿದ್ದೆ ಮಾಡುತ್ತಾರೆ. ಇಷ್ಟು ವರ್ಷ ಕಮ್ಯೂಟ್ ಮಾಡಿದವನಿಗೆ ಇವತ್ತು ಮಾತ್ರ, ಎದುರು ಸೀಟಿನ ಹೆಂಗಸಿನ ತಲೆ ಎಡಕ್ಕೆ ಜಾರುತ್ತಿರುವುದು ಕಾಣಿಸಿತು. ಹಿಂದಿನಿಂದ ಒಂದು ಬಟ್ಟೆ ಕಟ್ಟಿದರೆ ನಿಲ್ಲುತ್ತದೆ ಅನ್ನಿಸಿತು. ಅನ್ನಿಸಿದ್ದೇ ಮೈ ಜುಮ್ಮೆಂದಿತು. ಅವನ ಕಡೆಯ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ಸೆಟೆಯುವ ಮೊದಲೇ ಕಾಲು ಮಡಚಿಸಿ ಪದ್ಮಾಸನ ಹಾಕಿಸುತ್ತಾರೆ, ಗೋಡೆಗೆ ಒರಗಿಸಿ, ತಲೆ ಬೀಳದಂತೆ ಹಣೆಗೆ ಬಟ್ಟೆ ಕಟ್ಟುತ್ತಾರೆ. ವಿಮಾನವೆಂದು ಕರೆಯುವ ಹೂವಿನ ಕುರ್ಚಿಯಲ್ಲಿ ಊರೆಲ್ಲ ಮೆರೆಸಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತವರನ್ನು ಕೂತಂತೆಯೇ ಮಣ್ಣು ಮಾಡುತ್ತಾರೆ. ದಿನವೂ ಲಿಂಗಪೂಜೆಗೆ ಕೂತ ಮನುಷ್ಯ ಹೋಗುವಾಗಲೂ ಹಾಗೇ ಕೂತು ಹೋಗಲಿ ಎಂದು. ಅವ್ವನ ಮಣ್ಣಿಗೆ ಅವನು ಮುಟ್ಟಿರಲಿಲ್ಲ. ದುಬೈನಲ್ಲಿ ಮುಂದಿನ ಫ್ಲೈಟಿಗೆ ಕಾಯುತ್ತಿದ್ದಾಗ ಊರಿನವರು ಯಾರೋ ಫೋನಿಗೆ ಫೋಟೋ ಕಳಿಸಿದ್ದರು. ಹಸಿರು ಸೀರೆಯ ಅವ್ವ ಚೆಂಡುಹೂವಿನ ನಡುವೆ ಕೂತಿದ್ದಳು, ಕಣ್ಣು ಅರ್ಧ ತೆರೆದಿತ್ತು. ಅಳು ಬರುವುದಕ್ಕೆ ಮೊದಲು ಅವನಿಗೆ ಹೊಳೆದದ್ದು, ಕುತ್ತಿಗೆ ನೆಟ್ಟಗೆ ನಿಂತಿದೆ, ನಿಲ್ಲಿಸಿದವರು ಯಾರೋ ಬಲ್ಲವರು ಎಂಬುದು. ಅತ್ತದ್ದು ಆಮೇಲೆ. ಹೀಗೆ ಹಿಂದುಮುಂದಾದದ್ದನ್ನು ಅವನು ಯಾರಿಗೂ ಹೇಳಿಲ್ಲ, ಹೆಂಡತಿ ರಂಜನಿಗೂ ಹೇಳಿಲ್ಲ.

ಅಪ್ಪನ ಪ್ರಶ್ನೆ ಹುಟ್ಟಿದ್ದು ಜರ್ಸಿಯ ಎಡಿಸನ್ ಊರಿನ ಅಡಿವೆಪ್ಪನವರ ಮಣ್ಣಿನಿಂದ. ಕಳೆದ ಭಾನುವಾರ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅವನೇ. ಹುಬ್ಬಳ್ಳಿಯವರು, ಎಂಜಿನಿಯರಾಗಿ ದುಡಿದು ದಣಿದವರು, ಅಪ್ಪನ ಜೊತೆ ವಾರಕ್ಕೊಮ್ಮೆ ಫೋನಿನಲ್ಲಿ ಜೋರು ದನಿಯಲ್ಲಿ ಜಗಳಾಡುತ್ತಿದ್ದ ಒಬ್ಬರೇ ಗೆಳೆಯ. ಮಿರಮಿರ ಮಿಂಚುವ ಪೆಟ್ಟಿಗೆಯಲ್ಲಿ ಅವರಿಗೆ ಸೂಟು ಹಾಕಿ, ಟೈ ಕಟ್ಟಿ, ಮಲಗಿಸಿದ್ದರು. ಲಿಂಗವನ್ನು ಎದೆಯ ಮೇಲೆ ಇಟ್ಟಿದ್ದರು, ಅದು ಟೈಯ ಪಕ್ಕ ಸ್ವಲ್ಪ ವಾಲಿತ್ತು. ಇಲ್ಲಿ ಇಷ್ಟೇ ಆಗೋದು ಅಂಕಲ್ ಎಂದು ಮಗಳು ಅಪ್ಪನ ಕೈ ಹಿಡಿದು ಅತ್ತಳು. ಅಪ್ಪ ಅವಳ ತಲೆ ಸವರಿದರು. ವಾಪಸು ಬರುವಾಗ ವೆರಜಾನೋ ಸೇತುವೆಯ ಮೇಲೆ ಕಾರು ತೆವಳುತ್ತಿದ್ದಾಗ ತಾವಾಗಿಯೇ ಶುರು ಮಾಡಿದರು: “ಅಡಿವೆಪ್ಪನ್ನ ಮಲಗಿಸಿಬಿಟ್ರಲ್ಲೋ. ಅಂವಾ ಎಂದೂ ಅಂಗಾತ ಮಲಗಿದಾಂವ ಅಲ್ಲ. ದಮ್ಮು ಇತ್ತು ಅವಗ.” ರಾಜಶೇಖರನಿಗೆ ನಗು ಬಂತು, ನಗಬಾರದೆಂದು ರೇಡಿಯೋ ಹಾಕಿದ. ಅವತ್ತಿನಿಂದ ಅಪ್ಪ ಹಾಸಿಗೆಯಲ್ಲಿ ಮಲಗುವುದನ್ನು ಬಿಟ್ಟಿದ್ದಾರೆ. “ರಾತ್ರಿ ಪೂರ್ತಿ ದಿಂಬಿಗೆ ಒರಗ್ಕೊಂಡು ಕೂತೇ ಇರ್ತಾರೆ ರೀ ಮಾವ, ನೀರು ಕುಡಿಯೋಕೆ ಎದ್ದಾಗ ನೋಡಿ ಎದೆ ಧಸಕ್ ಅಂತು,” ಎಂದು ರಂಜನಿ ಎರಡು ಸಲ ಹೇಳಿದ್ದಳು. ಎರಡು ಸಲವೂ ಅವನು, ವಯಸ್ಸಾದವರಿಗೆ ಆಸಿಡಿಟಿ ಇರುತ್ತದೆ ಅಂದಿದ್ದ.

ಡಾಕ್ಟರ್ ರಾಜಶೇಖರ ಭುಜದ ಆಪರೇಷನ್ ಮಾಡುವವನು. ಭುಜಕ್ಕೆ ಕೈ ಹಾಕಬೇಕಾದರೆ ರೋಗಿಯನ್ನು ಮೊದಲು ಕೂರಿಸಬೇಕು. ಪ್ರಜ್ಞೆ ತಪ್ಪಿಸಿದ ದೇಹವನ್ನು ರಕ್ತದೊತ್ತಡ ಬೀಳದಂತೆ ನಿಧಾನಕ್ಕೆ ಮೇಲೆತ್ತಿ, ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ಹಣೆಗೆ ಪಟ್ಟಿ ಬಿಗಿದು ತಲೆಯನ್ನು ನಿಲ್ಲಿಸಬೇಕು. ಈ ಭಂಗಿಗೆ ಡಾಕ್ಟರುಗಳು ಬೀಚ್ ಚೇರ್ ಎಂದು ಹೆಸರಿಟ್ಟಿದ್ದಾರೆ, ಸಮುದ್ರದಂಡೆಯಲ್ಲಿ ಕಾಲು ಚಾಚಿ ಬಿಸಿಲು ಕಾಯುವವರ ಕುರ್ಚಿ. ಇದರಲ್ಲಿ ಅವನ ಕೈ ಪಳಗಿದೆ ಎಂದು ನಾಲ್ಕು ಕಡೆ ಹೆಸರಿತ್ತು. ಹೊಸಬರಿಗೆ ಕಲಿಸಲು ಅವನದೊಂದು ವಿಡಿಯೋ ಇತ್ತು, ಅದರ ಹೆಸರಿನಲ್ಲಿಯೇ ಟೆಕ್ನಿಕ್ ಎಂಬ ಪದ ಇತ್ತು. ಅಪ್ಪ ಅದನ್ನು ಕಿವಿಯ ಯಂತ್ರ ಸರಿಮಾಡಿಕೊಂಡು ಮೊದಲಿನಿಂದ ಕೊನೆಯವರೆಗೆ ನೋಡಿದ್ದರು, ಮತ್ತೊಮ್ಮೆ ಹಾಕು ಅಂದಿದ್ದರು. “ವಿಮಾನದಾಗ ಕುಂದ್ರಿಸಿದಂಗ ಕುಂದ್ರಸ್ತೀಯಲ್ಲೋ!” ಎಂದು ಹೆಮ್ಮೆಯಿಂದ ಹೇಳಿ, ಅಭ್ಯಾಸಬಲ ಹೋದೀತೇ, “ಟೆಕ್ನಿಕ್ ಅಂದ್ರೇನು? ಅರ್ಥ ಹೇಳು. ಸ್ವಂತ ವಾಕ್ಯದಾಗ ಬಳಸು” ಅಂದಿದ್ದರು. ಕ್ಲಾಸಿನಲ್ಲಿ ಅವರದು ಇದೇ ಪಟ್ಟು. ಅರ್ಥ ಯಾರಾದರೂ ಹೇಳುತ್ತಾರೆ, ಡಿಕ್ಷನರಿಯೂ ಹೇಳುತ್ತದೆ. ಬಳಸಿದವನಿಗೆ ಮಾತ್ರ ಪದ ಬರುತ್ತದೆ. ಎಂಟನೆಯ ಇಯತ್ತೆಯಲ್ಲಿ ಇದೇ ಪದಕ್ಕೆ ರಾಜಶೇಖರ ಎದ್ದು ನಿಂತು, ತಂತ್ರ ಎಂದು ಅರ್ಥ ಹೇಳಿ, ನನ್ನ ತಂದೆಗೆ ಒಂದು ಟೆಕ್ನಿಕ್ ಇದೆ ಎಂದು ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಿದ್ದ. ಹುಡುಗರು ಕಿಸಕ್ಕೆಂದರು. ಅಪ್ಪ ನಗಲಿಲ್ಲ. “ಯಾತರದು?” ಎಂದು ಕೇಳಿದರು. ಯಾತರದು ಎಂದು ಅವನಿಗೆ ಹೊಳೆಯಲಿಲ್ಲ. ಯಾತರದು ಅಂತ ಗೊತ್ತಿಲ್ಲದಾಂವಗ ಟೆಕ್ನಿಕ್ ಯಾಕಪಾ ಎಂದು ಬೆಂಚಿನ ಮೇಲೆ ನಿಲ್ಲಿಸಿದರು, ಗಂಟೆ ಹೊಡೆಯುವವರೆಗೆ. ಮನೆಗೆ ಬಂದ ಮೇಲೆ ಅವ್ವನ ಮುಂದೆ ಆ ಮಾತೇ ಎತ್ತಲಿಲ್ಲ, ಅದೊಂದು ಉಪಕಾರ.

ವಿಡಿಯೋ ನೋಡಿದ ದಿನ ತಂದೆ ಮಗ ಕೂತು ಆ ಪದಕ್ಕೆ ಕನ್ನಡ ಹುಡುಕಿದ್ದರು. ತಂತ್ರ ಅಂದರೆ ಅಪ್ಪನಿಗೆ ಮಾಟದ ವಾಸನೆ, ಇಲ್ಲವೇ ಚುನಾವಣೆಯ ವಾಸನೆ. ವಿಧಾನ ಅಂದರೆ ಸರ್ಕಾರಿ ಕಚೇರಿಯ ಗೋಡೆಗೆ ಅಂಟಿಸಿದ ಕಾಗದ. ಹಿಕಮತ್ತು ದನದ ಸಂತೆಯಲ್ಲಿ ದಲ್ಲಾಳಿಗೆ ಇರುವುದು. ಕೈಗುಣ ಎಂದು ರಾಜಶೇಖರ ಸೂಚಿಸಿದ, ಡಾಕ್ಟರುಗಳಿಗೆ ಒಪ್ಪುವ ಮಾತು. ಅಪ್ಪ ತಲೆಯಾಡಿಸಿದರು. “ಕೈಗುಣ ಕಲಸಾಕ ಬರಂಗಿಲ್ಲ. ಟೆಕ್ನಿಕ್ ಕಲಸಾಕ ಬರತೈತಿ. ಅಷ್ಟ ಫರಕು.” ಆಗ ಇದು ಹೊತ್ತು ಕಳೆಯುವ ಮಾತಾಗಿತ್ತು. ಈಗ ಜಮೈಕಾ ಸ್ಟೇಷನ್ ದಾಟಿದ ರೈಲಿನ ಕಿಟಕಿಯಲ್ಲಿ ತನ್ನದೇ ಮುಖ ನೋಡುತ್ತ ಅವನಿಗೆ ಅನ್ನಿಸಿತು: ಆ ದಿನವೇ ಅಪ್ಪನ ತಲೆಯಲ್ಲಿ ಇದು ಇತ್ತೇನೋ. ಮಗ ದಿನಕ್ಕೆ ಇಬ್ಬರನ್ನು ಮೂವರನ್ನು ಕೂರಿಸುತ್ತಾನೆ, ನನ್ನನ್ನೊಬ್ಬನನ್ನು ಕೂರಿಸಲಾರನೇ ಎಂದು ನಿಶ್ಚಿಂತೆಯಿಂದ ಇದ್ದರೇನೋ.

ಕೂರಿಸಲಾರ. ಯಾಕೆಂದರೆ ಅಪ್ಪನ ಮೊಣಕಾಲು ಎರಡನ್ನೂ ಬದಲಿಸಿಯಾಗಿದೆ, ಮತ್ತು ಬದಲಿಸಿ ಎಂದವನು ಅವನೇ. ಇಲ್ಲಿಗೆ ಬಂದಾಗ ಅಪ್ಪ ಮೆಟ್ಟಿಲು ಹತ್ತಲು ಒದ್ದಾಡುತ್ತಿದ್ದರು. ಆದರೆ ಬೆಳಿಗ್ಗೆ ಗೋಡೆ ಹಿಡಿದು, ಹಲ್ಲು ಕಚ್ಚಿ, ಹೇಗೋ ನೆಲಕ್ಕೆ ಇಳಿದು ಕಾಲು ಮಡಚಿ ಲಿಂಗಪೂಜೆಗೆ ಕೂರುತ್ತಿದ್ದರು. ಮಗನಿಗೆ ಕಂಡದ್ದು ಹಲ್ಲು ಕಚ್ಚುವುದಷ್ಟೇ. ಮೊಣಕಾಲಿನ ಡಾಕ್ಟರು ಪರಿಚಯದವನು, ಒಳ್ಳೆಯವನು, ಆಪರೇಷನ್ನಿಗೆ ಮುಂಚೆ ಕೇಳಿಯೇ ಕೇಳಿದ್ದ: ನಿಮ್ಮವರು ನೆಲದ ಮೇಲೆ ಕೂರುವವರಲ್ಲವೇ, ಪೂಜೆಗೆ ಗೀಜೆಗೆ ಕಾಲು ಮಡಚಬೇಕೇ, ಹಾಗಿದ್ದರೆ ಬೇರೆ ಯೋಚನೆ ಮಾಡೋಣ ಎಂದು. ಅಪ್ಪ ಆಗ ಪಕ್ಕದ ಕೋಣೆಯಲ್ಲಿ ಎಕ್ಸ್‌ರೇಗೆ ಹೋಗಿದ್ದರು. ರಾಜಶೇಖರ ನಕ್ಕು, ಇನ್ನು ಮೇಲೆ ಅಮೆರಿಕಾದಲ್ಲಿ ಇರುವವರು, ಕುರ್ಚಿಯಲ್ಲಿ ಕೂರುತ್ತಾರೆ ಬಿಡು ಅಂದಿದ್ದ. ಅಷ್ಟೇ ಮಾತು. ಅಪ್ಪ ಈಗ ಮೆಟ್ಟಿಲು ಹತ್ತುತ್ತಾರೆ, ಫ್ಲೋರಲ್ ಪಾರ್ಕಿನ ಅಂಗಡಿಗಳಲ್ಲಿ ಮೆಂತ್ಯೆಸೊಪ್ಪು ಆರಿಸುತ್ತ ಗಂಟೆಗಟ್ಟಲೆ ನಿಲ್ಲುತ್ತಾರೆ, ನೆಲಕ್ಕೆ ಮಾತ್ರ ಇಳಿಯಲಾರರು. ವ್ಯಾಯಾಮ ಸರಿಯಾಗಿ ಮಾಡಲಿಲ್ಲ ಎಂದು ಅವರನ್ನೇ ಬೈದದ್ದೂ ಉಂಟು. ಸತ್ತ ಮೇಲೆ ಕೂರಬೇಕಾದ ಜಾತಿಯಲ್ಲಿ ಹುಟ್ಟಿ, ದಿನವಿಡೀ ಜನರನ್ನು ಕೂರಿಸುವ ಕಸುಬು ಮಾಡಿಕೊಂಡು, ಸ್ವಂತ ಅಪ್ಪನ ಮೊಣಕಾಲಿಗೆ ಕೀಲಿ ಜಡಿಸಿ ಬಂದ. ದೀಪದ ಕೆಳಗೆ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ? ಪೆನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವನಿಗೆ ನಾಚಿಕೆಯಾಗುತ್ತಿತ್ತು, ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಅನ್ನುವಂಥ ನಾಚಿಕೆ.

ಮೊದಲ ರೋಗಿ ಕ್ವೀನ್ಸ್‌ನಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಮುದುಕ, ಬಲಭುಜ. ಆಪರೇಷನ್ ಕೋಣೆಯ ಚಳಿ ಎಂದಿನಂತೆಯೇ ಇತ್ತು. ಕಲಿಯಲು ಬಂದಿದ್ದ ಡಾಕ್ಟರು ಸುಮೀತ್, ಜರ್ಸಿಯಲ್ಲೇ ಹುಟ್ಟಿ ಬೆಳೆದವನು, ಎಂದಿನಂತೆ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದ. ಮೇಜಿನ ಬೆನ್ನು ನಿಧಾನಕ್ಕೆ ಏರಿತು. ಮುದುಕ ಎದ್ದು ಕೂತ, ಕಣ್ಣಿಗೆ ಪಟ್ಟಿ, ಬಾಯಲ್ಲಿ ನಳಿಗೆ. ರಾಜಶೇಖರ ಹಣೆಯ ಪಟ್ಟಿ ಬಿಗಿದು, ಗದ್ದ ಸರಿಮಾಡಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದ. ಕುತ್ತಿಗೆ ನೆಟ್ಟಗಿತ್ತು. ಅರಿವಳಿಕೆಯ ಡಾಕ್ಟರು ನ್ಯಾನ್ಸಿ ಏನೋ ಹೇಳುತ್ತಿದ್ದಳು, ಒತ್ತಡ ಸರಿಯಾಗಿದೆ ಎಂದಿರಬೇಕು. ಅವನಿಗೆ ವಿಭೂತಿಯ ವಾಸನೆ ಬಂತು. ಇಲ್ಲಿ ವಿಭೂತಿ ಎಲ್ಲಿಂದ ಬರಬೇಕು? ಅವನ ಕೋಟಿನಿಂದ, ಬೆಳಿಗ್ಗೆ ಅಪ್ಪ ಮುಟ್ಟಿದ ತೋಳಿನಿಂದ ಬಂತು ಅನ್ನಲು ಕೋಟು ಹೊರಗೆ ಬೀರುವಿನಲ್ಲಿತ್ತು. ವಾಸನೆ ಹೋಗಲಿಲ್ಲ. ಯಾರೋ ರಾಜ್, ರಾಜ್ ಎಂದು ಕರೆದಂತಾಗಿ ಬೆಚ್ಚಿದ. ನ್ಯಾನ್ಸಿ ಮುಖಗವಸಿನ ಮೇಲಿನ ಕಣ್ಣುಗಳಿಂದ ಅವನ ಕೈಯನ್ನೇ ನೋಡುತ್ತಿದ್ದಳು. ಅವನು ಮುದುಕನ ಎಡಗೈಯನ್ನು ತೊಡೆಯ ಮೇಲೆ ತಂದು, ಅಂಗೈ ಮೇಲೆ ಮಾಡಿ, ಬೆರಳುಗಳನ್ನು ಬಟ್ಟಲಿನ ಹಾಗೆ ಬಾಗಿಸಿ ಹಿಡಿದುಕೊಂಡು ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಆಪರೇಷನ್ ಮಾಡಬೇಕಾದ ಭುಜ ಬಲಗಡೆಗಿತ್ತು. ಎಡಗೈಯ ಗೊಡವೆ ಅವನಿಗೆ ಬೇಕಾಗಿರಲಿಲ್ಲ, ಅದನ್ನು ನರ್ಸುಗಳು ನೋಡಿಕೊಳ್ಳುತ್ತಾರೆ.

“ಇದು ನಿಮ್ಮ ಹೊಸ ಟೆಕ್ನಿಕ್ಕೇ?” ಎಂದು ಸುಮೀತ್ ಇಂಗ್ಲಿಷಿನಲ್ಲಿ, ನಿಜವಾದ ಕುತೂಹಲದಿಂದಲೇ ಕೇಳಿದ. ಇಬ್ಬರು ನರ್ಸುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ರಾಜಶೇಖರನ ಕಿವಿ ಬಿಸಿಯಾಯಿತು. “ಮೊಣಕೈಯ ನರಕ್ಕೆ ಒತ್ತಡ ಕಡಿಮೆಯಾಗುತ್ತದೆ,” ಅಂದ. ಪೂರಾ ಸುಳ್ಳೂ ಅಲ್ಲ, ಅಂಗೈ ಮೇಲಿದ್ದರೆ ನರಕ್ಕೆ ಆರಾಮವೇ. ಆದರೆ ಬೆರಳುಗಳನ್ನು ಬಟ್ಟಲು ಮಾಡಬೇಕಾಗಿಲ್ಲ. ಸುಮೀತ್ ತಲೆಯಾಡಿಸಿದ. ಆಪರೇಷನ್ ಚೆನ್ನಾಗಿಯೇ ಆಯಿತು, ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಇಷ್ಟು ವರ್ಷ ಈ ಕೈಯನ್ನು ನಂಬಿ ಬದುಕಿದವನಿಗೆ ಇವತ್ತು ಅದನ್ನು ಕಂಡರೆ ಸ್ವಲ್ಪ ಹೆದರಿಕೆಯಾಯಿತು.

ಎರಡು ಆಪರೇಷನ್ನುಗಳ ನಡುವೆ ಅವನು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಶವಸಂಸ್ಕಾರ ನೋಡಿಕೊಳ್ಳುವ ಒಂದು ಫ್ಯೂನರಲ್ ಹೋಮಿಗೆ ಫೋನ್ ಮಾಡಿದ. ಮನಸ್ಸಿನಲ್ಲಿ ಏನು ಬೇಡಿಕೊಳ್ಳುತ್ತಿದ್ದ ಎಂದು ಹೇಳಿಬಿಡಬೇಕು. ಆಗುವುದಿಲ್ಲ ಎಂದು ಅವರು ಹೇಳಲಿ ಎಂದು ಬೇಡಿಕೊಳ್ಳುತ್ತಿದ್ದ. ಕಾನೂನು ಇಲ್ಲ, ಪೆಟ್ಟಿಗೆ ಇಲ್ಲ, ಈ ರಾಜ್ಯದಲ್ಲಿ ನಡೆಯುವುದಿಲ್ಲ, ಹೀಗೆ ಏನಾದರೊಂದು ಹೇಳಿದರೆ ಸಂಜೆ ಅಪ್ಪನ ಮುಂದೆ ಕೂತು, ಇಲ್ಲಿ ಇಷ್ಟೇ ಆಗೋದು ಎಂದು ಅಡಿವೆಪ್ಪನವರ ಮಗಳ ಹಾಗೆ ಅತ್ತುಬಿಡಬಹುದಿತ್ತು, ಮೊಣಕಾಲಿನ ಮಾತು ಅಲ್ಲಿಗೇ ಮಣ್ಣಾಗುತ್ತಿತ್ತು. ಫೋನಿನಲ್ಲಿದ್ದ ಹೆಂಗಸು ಬಹಳ ಸೌಮ್ಯವಾಗಿ ಮಾತಾಡಿದಳು. ಕೂರಿಸಿಯೇ ಹೂಳಬೇಕೇ, ವಿಚಾರಿಸಿ ಹೇಳುತ್ತೇನೆ ಎಂದು ಹೋದವಳು ಬೇಗನೆ ತಿರುಗಿ ಬಂದು, ಗುಂಡಿ ಆಳ ತೆಗೆಸಬೇಕಾಗುತ್ತದೆ, ಪೆಟ್ಟಿಗೆಯನ್ನು ಹೇಳಿ ಮಾಡಿಸಬೇಕಾಗುತ್ತದೆ, ಮೊದಲೇ ತಿಳಿಸಿದರೆ ಮಾಡಬಹುದು ಅಂದಳು. “ಕೂರಿಸುವುದು ಮಾತ್ರ ನಮ್ಮವರಿಗೆ ಗೊತ್ತಿಲ್ಲ. ನಾವು ಬಂದು ಒಯ್ಯುವ ಮೊದಲೇ, ಮೈ ಬಿಗಿಯುವುದರೊಳಗೆ ಆಗಬೇಕಲ್ಲವೇ? ನಿಮ್ಮಲ್ಲಿ ಅದರ ಟೆಕ್ನಿಕ್ ಬಲ್ಲವರು ಯಾರಾದರೂ ಇದ್ದಾರೆಯೇ?” ರಾಜಶೇಖರ ಗೋಡೆಯ ಮೇಲಿನ ತನ್ನ ಸರ್ಟಿಫಿಕೇಟುಗಳನ್ನು ನೋಡಿದ. ಇದ್ದಾರೆ ಎಂದು ಹೇಳಿ ಫೋನ್ ಇಟ್ಟ. ಮಾಡಿದ್ದುಣ್ಣೋ ಮಹಾರಾಯ ಎಂದು ಅವ್ವ ಪುಟ್ಟ ಪುಟ್ಟ ತಪ್ಪಿಗೂ ಹೇಳುತ್ತಿದ್ದಳು. ಆ ದನಿ ಎಷ್ಟು ಹತ್ತಿರ ಕೇಳಿಸಿತೆಂದರೆ ಅವನು ತಿರುಗಿ ನೋಡಿದ.

ಮಧ್ಯಾಹ್ನದ ರೋಗಿ ಒಬ್ಬ ಹೆಂಗಸು, ಇವಳದೂ ಬಲಭುಜ. ಅವನು ಕೈ ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಸುಮೀತ್ ಎಲ್ಲ ಮುಗಿಸಿದ್ದ. ಹೆಂಗಸು ಕೂತಿದ್ದಳು, ಹಣೆಗೆ ಪಟ್ಟಿ, ಮೈಮೇಲೆ ಹಸಿರು ಬಟ್ಟೆ. ಎಡಗೈ ತೊಡೆಯ ಮೇಲಿತ್ತು. ಅಂಗೈ ಮೇಲೆ, ಬೆರಳುಗಳು ಬಟ್ಟಲು. ಪಕ್ಕದಲ್ಲಿ ಇನ್ನೊಬ್ಬ ಹೊಸ ಹುಡುಗಿಗೆ ಸುಮೀತ್ ಅದನ್ನು ವಿವರಿಸುತ್ತಿದ್ದ, ಡಾಕ್ಟರ್ ರಾಜ್ ಅವರ ಟೆಕ್ನಿಕ್ ಎಂದು. ಹುಡುಗಿ ಬಗ್ಗಿ ಬೆರಳುಗಳ ಬಾಗು ನೋಡುತ್ತಿದ್ದಳು. ಖಾಲಿ ಅಂಗೈ ದೀಪದ ಬೆಳಕಿನಲ್ಲಿ ಏನನ್ನೋ ಕಾಯುತ್ತಿದ್ದಂತೆ ಕಂಡಿತು. ಹಸಿರು ಬಟ್ಟೆಯೊಳಗಿನ ಮುಖವನ್ನು ಕಣ್ಣೆತ್ತಿ ನೋಡುವ ಧೈರ್ಯ ಅವನಿಗೆ ಆಗಲಿಲ್ಲ. ನೋಡಿದರೆ ಯಾರ ಮುಖ ಇರುತ್ತದೆ ಎಂದು ಅವನಿಗೆ ಗೊತ್ತಿತ್ತು. ಹಾಗೆ ಇಡಬೇಡಿ ಎನ್ನಲು ಬಾಯಿ ತೆರೆದ. ಯಾಕೆ ಎಂದು ಕೇಳಿದರೆ ಬೆಳಗಿನ ಸುಳ್ಳು ಬಯಲಾಗುತ್ತಿತ್ತು. ಇನ್ನು ಇವನು ಯಾವ ಊರಿನ ಆಸ್ಪತ್ರೆಗೆ ಹೋಗುತ್ತಾನೋ, ಯಾರಿಗೆ ಕಲಿಸುತ್ತಾನೋ, ಲಿಂಗ ಎಂದರೇನು ಎಂದು ಗೊತ್ತಿಲ್ಲದವರು ಲಿಂಗ ಹಿಡಿಯುವ ಕೈಯನ್ನು ಎಷ್ಟು ಜನರ ತೊಡೆಯ ಮೇಲೆ ಇಡುತ್ತಾರೋ ಎಂದುಕೊಳ್ಳುತ್ತ ಚಾಕುವಿಗೆ ಕೈ ಚಾಚಿದ. ನರ್ಸು ಅದನ್ನು ಆಗಲೇ ಅವನ ಕೈಯಲ್ಲಿ ಇಟ್ಟಿದ್ದಳು.

ಸಂಜೆ ಮನೆ ಮುಟ್ಟಿದಾಗ ಡ್ರೈವ್‌ವೇಯ ಪಕ್ಕದಲ್ಲಿ ವಾರದ ಹಿಂದಿನ ಹಿಮ ಕೊಳೆಯಾಗಿ ಬಿದ್ದಿತ್ತು. ರಂಜನಿ ಬಾಗಿಲಲ್ಲೇ ಹಿಡಿದಳು. ಮೈಸೂರಿನವಳು, ಸಿಟ್ಟು ಬಂದಾಗ ದನಿ ತಗ್ಗಿಸಿ ಮಾತಾಡುತ್ತಾಳೆ. “ನಿಮ್ಮ ತಂದೆ ಮಧ್ಯಾಹ್ನದಿಂದ ಹಠ ಹಿಡ್ಕೊಂಡು ಕೂತಿದ್ದಾರೆ. ಫ್ಯಾಮಿಲಿ ರೂಮಲ್ಲಿ ಕಾಫಿ ಟೇಬಲ್ ಸರಿಸು ಅಂದ್ರು, ಸರಿಸಿದೆ. ಜಮಖಾನ ಹಾಸು ಅಂದ್ರು, ಹಾಸಿದೆ. ಏತಕ್ಕೆ ಮಾವ ಅಂದ್ರೆ ರಾಜಾ ಬರ್ಲಿ ಅಂತಾರೆ. ಏನ್ರೀ ಇದು?” ಅವನು ಶೂ ಬಿಚ್ಚುತ್ತ ಬೆಳಗಿನ ಮಾತು ಹೇಳಿದ. ರಂಜನಿ ಬಾಯಿಗೆ ಕೈ ಅಡ್ಡ ಹಿಡಿದಳು.

ಅಪ್ಪ ಒಗೆದ ಧೋತರ ಉಟ್ಟು ಸೋಫಾದ ತುದಿಯಲ್ಲಿ ಕೂತಿದ್ದರು. ಎದುರಿಗೆ ಖಾಲಿ ಜಮಖಾನ.

“ಮಣ್ಣು ಮಾಡೋರಿಗೆ ಫೋನ್ ಮಾಡಿ ಕೇಳಿದೆ ಅಪ್ಪಾ. ಅವರು ಕುಂದ್ರಿಸಿ ಹುಗಿಯಾಕ ಒಪ್ಪತಾರ.”

“ಅವರು ಒಪ್ಪಲಿ, ಪಾಪ. ಮೊಣಕಾಲು ಒಪ್ಪಬೇಕಲ್ಲ. ಈಗ ಕುಂದ್ರಸು. ಎಲ್ಲೀಮಟ ಬರತೈತಿ ನೋಡೂಣು.”

“ಮಾವ, ಬಿಡ್ತು ಅನ್ನಿ!” ಅಂದಳು ರಂಜನಿ, ಕಣ್ಣಲ್ಲಿ ನೀರು ಬಂದಿತ್ತು. “ಗುಂಡುಕಲ್ಲಿನ ಹಾಗೆ ಕೂತಿದ್ದೀರ, ಬದುಕಿರೋವಾಗ್ಲೇ ಇದೆಂಥ ಆಟ?”

“ಬದುಕಿದ್ದಾಗ ಪ್ರಾಕ್ಟೀಸ್ ಮಾಡಲಿಲ್ಲಂದ್ರ ಪರೀಕ್ಷಾದಾಗ ಏನ್ ಬರೀತಾನವಾ ಇಂವಾ?” ಎಂದು ಅಪ್ಪ ನಕ್ಕರು. ನಗುವಾಗ ಎರಡೂ ಕೈಯನ್ನು ಮಗನ ಕಡೆ ಚಾಚಿದರು, ಎತ್ತಿಕೋ ಎನ್ನುವ ಮಗುವಿನ ಹಾಗೆ.

ಇಳಿಸುವುದು ಸುಲಭವಾಗಲಿಲ್ಲ. ರಂಜನಿ ಬೈಯುತ್ತಲೇ ಒಂದು ಕಡೆ ಹಿಡಿದಳು. ಆಸ್ಪತ್ರೆಯಲ್ಲಿ ಗುಂಡಿ ಒತ್ತಿದರೆ ಮೇಜು ಏರುತ್ತದೆ, ಇಳಿಯುತ್ತದೆ. ಇಲ್ಲಿ ಅಪ್ಪನ ಮೈ ಪೂರ್ತಿ ಅವನ ತೋಳಿನ ಮೇಲಿತ್ತು. ಅವನು ಮೊದಲು ತಾನು ಕೂತು, ಕಾಲುಗಳನ್ನು ಅಗಲಿಸಿ, ಅಪ್ಪನ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡ. ನೆರೆತ ಕೂದಲು ಅವನ ಗದ್ದಕ್ಕೆ ತಾಗಿತು. ಮೇಲಿಂದ ಇಳಿದು ಬಂದ ಮಗಳು ರಕ್ಷಾ ಮೆಟ್ಟಿಲ ಮೇಲೆಯೇ ನಿಂತು, “ಡ್ಯಾಡ್, ಈಸ್ ದಿಸ್ ಫಿಸಿಕಲ್ ಥೆರಪಿ?” ಎಂದಳು. ಯೆಸ್ ಅಂದ. ಅವಳು ಹೋಗಲಿಲ್ಲ, ಕೂದಲು ಕಿವಿಯ ಹಿಂದೆ ಸಿಕ್ಕಿಸಿಕೊಂಡು ಅಲ್ಲೇ ಕೂತಳು.

ಬಲಗಾಲು ಮೊದಲು. ಹಿಂದಿನಿಂದ ಕೈ ಚಾಚಿ, ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ಹಿಮ್ಮಡಿಯಲ್ಲಿ, ನಿಧಾನಕ್ಕೆ ಒಳಗೆ ಎಳೆದ. ಕಾಲು ಬಂತು. ಇನ್ನಷ್ಟು ಬಂತು. ಆಮೇಲೆ ನಿಂತಿತು. ಧೋತರದ ಕೆಳಗೆ ಗಾಯದ ಉದ್ದ ಗುರುತು ಬೆರಳಿಗೆ ಸಿಕ್ಕಿತು. ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಲೋಹ ಅಡ್ಡ ಬಂದದ್ದಲ್ಲ ಅದು. ಕುಗ್ಗಿದ ಮಾಂಸ, ಗಾಯ ಮಾಯುವಾಗ ಬೆಳೆದ ನಾರು, ಬಿಗಿದ ಸ್ನಾಯು. ಜೀವ ಇರುವ ತನಕ ನೋವು ಅವನ್ನು ಕಾಯುತ್ತದೆ. ಜೀವ ಹೋದ ಮೇಲೆ ಕಾಯುವವರಿಲ್ಲ. ಆಗ ಈ ಎರಡು ಕೈಯಿಂದ, ಮೈ ಇನ್ನೂ ಬೆಚ್ಚಗಿರುವಾಗ, ಉಳಿದವರು ಅಳುತ್ತಿರುವಾಗ, ಇನ್ನಷ್ಟು ಒತ್ತಿದರೆ ಮಡಚುತ್ತದೆ. ಒಳಗೆ ಹರಿಯುತ್ತದೆ. ಹರಿಯುವಾಗ ಎಂಥ ಸದ್ದು ಬರುತ್ತದೆ ಎಂದೂ ಅವನಿಗೆ ಗೊತ್ತಿತ್ತು. ಅವತ್ತು ಪಕ್ಕದ ಕೋಣೆಯಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದಾಗ ಆಡಿದ ಮಾತು ಬಾಯಿಗೆ ಬಂತು. ಅಪ್ಪಾ ಅಂದ. ಮುಂದಿನ ಮಾತು ಹೊರಡಲಿಲ್ಲ. ಹಿಂದೆ ಕೂತಿದ್ದರಿಂದ ಅಪ್ಪನ ಮುಖ ಅವನಿಗೆ ಕಾಣುತ್ತಿರಲಿಲ್ಲ. ಎದುರಿಗಿದ್ದ ರಕ್ಷಾ ತುಟಿ ಕಚ್ಚಿಕೊಂಡಿದ್ದನ್ನು ನೋಡಿ ಆ ಮುಖ ಹೇಗಿದೆ ಎಂದು ತಿಳಿದುಕೊಂಡ. ಅಪ್ಪನ ಬೆನ್ನು ಅವನ ಎದೆಯ ಮೇಲೆ ಬಿಗಿಯಾಗಿತ್ತು, ಉಸಿರು ನಿಂತು ನಿಂತು ಬರುತ್ತಿತ್ತು.

“ನೋವಾಗಾಕತ್ತೈತಿ ನಿಮಗ. ಬಿಡ್ತೀನಿ ಅಪ್ಪಾ.”

“ಈಗ ಬಿಡು,” ಅಂದರು ಅಪ್ಪ. ಉಸಿರು ಎಳೆದುಕೊಂಡು, ಹಿಮ್ಮಡಿಯ ಮೇಲಿದ್ದ ಮಗನ ಕೈಯ ಮೇಲೆ ತಮ್ಮ ಕೈ ಇಟ್ಟರು. “ಆವಾಗ ಬಿಡಬ್ಯಾಡ. ಆವಾಗ ನನಗ ನೋವಾಗಂಗಿಲ್ಲ. ನಿನಗ ಆಗತೈತಿ. ಆದರೂ ಬಿಡಬ್ಯಾಡ.”

ರಂಜನಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. “ಹೂಂ ಅನ್ನು” ಎಂದರು ಅಪ್ಪ. ಅವನು ಹೂಂ ಅಂದ, ಈ ಸಲ ಅಂದದ್ದು ಏನೆಂದು ಗೊತ್ತಿದ್ದೇ ಅಂದ. “ಎಬ್ಬಿಸು ಇನ್ನ. ಹಸಿವಿ ಆಗೇತಿ.” ಹಿಂದಿನಿಂದ ಮೆಲ್ಲಗೆ ತಾನೆದ್ದು, ಎರಡೂ ಕಂಕುಳಲ್ಲಿ ಕೈ ತೂರಿಸಿ ರಾಜಶೇಖರ ಎತ್ತಿದ. ಇಳಿಸುವಾಗ ರಂಜನಿಯೂ ಹಿಡಿದಿದ್ದಳು, ಈಗ ಅವನೊಬ್ಬನೇ ಇದ್ದ. ಅಪ್ಪ ಹಗುರವಾಗಿ ಮೇಲೆದ್ದು ಬಂದರು. ಆವತ್ತಿಗೂ ತಾನೊಬ್ಬನೇ ಸಾಕು ಎಂದುಕೊಂಡ. ಅಂದುಕೊಂಡದ್ದೇ ತಡ, ಅಳು ಬಂತು.